ಮೇಲ್ ಓದಲು ಲಾಗಿನ್ ಆಗುತ್ತೆ, ಕಳಿಸಲು ಹೋದರೆ 535: ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕಚೇರಿಯ ಮೇಲ್ ಸರ್ವರ್ ನಮ್ಮ ಕಟ್ಟಡದಲ್ಲೇ ಇದೆ. ಡೆಬಿಯನ್ 12, ಮೇಲ್ ಕಳಿಸಲು ಪೋಸ್ಟ್‌ಫಿಕ್ಸ್ 3.7, ಓದಲು ಡವ್‌ಕಾಟ್ 2.3.19. ನಲವತ್ತರ ಆಸುಪಾಸು ಖಾತೆಗಳಿವೆ, ಅವುಗಳ ಪಟ್ಟಿ ಮಾರಿಯಾಡಿಬಿ ಡೇಟಾಬೇಸ್‌ನಲ್ಲಿದೆ. ಇಷ್ಟು ದಿನ ಪಾಸ್‌ವರ್ಡ್‌ಗಳು ಟೇಬಲ್‌ನಲ್ಲಿ ಹಾಗೇ ಓದಬಹುದಾದ ರೂಪದಲ್ಲಿದ್ದವು. ಅದು ಸರಿಯಲ್ಲ ಅಂತ ಎಲ್ಲವನ್ನೂ ಬಿಎಲ್‌ಎಫ್-ಕ್ರಿಪ್ಟ್ ಹ್ಯಾಶ್‌ಗೆ ಬದಲಾಯಿಸಿದ್ದೇವೆ.

ಅಲ್ಲಿಂದೀಚೆಗೆ ತೊಂದರೆ ಶುರು. ಮೇಲ್ ಓದುವ ಐಮ್ಯಾಪ್‌ನಲ್ಲಿ ಎಲ್ಲರೂ ಲಾಗಿನ್ ಆಗುತ್ತಾರೆ. ಫೋನ್‌ಗಳಿಂದ ಮೇಲ್ ಹೋಗುತ್ತದೆ. ಆದರೆ ಥಂಡರ್‌ಬರ್ಡ್ ಇರುವ ಕೆಲವು ಕಂಪ್ಯೂಟರ್‌ಗಳು ಮತ್ತು ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಹಳೆಯ ಮಷಿನ್ ಮಾತ್ರ ಮೇಲ್ ಕಳಿಸುವ ಪೋರ್ಟ್ 587ರಲ್ಲಿ ‘535 5.7.8 ಆಥೆಂಟಿಕೇಶನ್ ಫೇಲ್ಡ್’ ಎನ್ನುತ್ತವೆ. ಪಾಸ್‌ವರ್ಡ್ ಅದೇ, ಬಳಕೆದಾರ ಅವರೇ.

ಇನ್ನೂ ಎರಡು ವಿಷಯ. ಲಾಗ್ ತೆರೆದರೆ ಹೊರದೇಶದ ಐಪಿಗಳಿಂದ ‘ಸಾಸ್ಲ್ ಲಾಗಿನ್ ಆಥೆಂಟಿಕೇಶನ್ ಫೇಲ್ಡ್’ (ಸಾಸ್ಲ್ ಎಂದರೆ ಲಾಗಿನ್ ದೃಢೀಕರಣದ ವ್ಯವಸ್ಥೆ) ಎಂಬ ಸಾಲುಗಳು ರಾತ್ರಿ ಹಗಲು ಬರುತ್ತಿವೆ. ಪ್ರತಿ ಸಾಲಿನ ಕೊನೆಗೂ 12 ಅಕ್ಷರಗಳ ಒಂದೇ ಸಂಕೇತ ಇದೆ. ಯಾರದ್ದೋ ಪಾಸ್‌ವರ್ಡ್ ಲಾಗ್‌ನಲ್ಲಿ ಸೋರುತ್ತಿದೆಯೇ? ಪದೇಪದೇ ಸೋಲುವ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದ್ದೇನೆ, ಒಂದು ಐಪಿಯನ್ನೂ ಹಿಡಿದಿಲ್ಲ. ಮತ್ತೆ, ಲಾಗಿನ್ ಆದವರು ಬೇರೆಯವರ ವಿಳಾಸ ಹಾಕಿ ಕಳಿಸದಂತೆ ತಡೆಯುವುದು ಹೇಗೆ?

ಪೋರ್ಟ್587

ಮೊದಲು ಒಂದು ಮಾತು: ಪೋಸ್ಟ್‌ಫಿಕ್ಸ್ ತಾನೇ ಪಾಸ್‌ವರ್ಡ್ ನೋಡುವುದಿಲ್ಲ. ಕ್ಲೈಂಟ್ ಕೊಟ್ಟದ್ದನ್ನು ಡವ್‌ಕಾಟ್‌ನ ಆಥ್ ಸಾಕೆಟ್‌ಗೆ ದಾಟಿಸುತ್ತದೆ, ಅದು ಹೌದು ಎಂದರೆ ಹೌದು, ಇಲ್ಲ ಎಂದರೆ 535. ಹಾಗಾಗಿ ಪೋಸ್ಟ್‌ಫಿಕ್ಸ್ ಲಾಗ್ ಎಷ್ಟು ನೋಡಿದರೂ ಕಾರಣ ಸಿಗದು, ಉತ್ತರ ಡವ್‌ಕಾಟ್ ಲಾಗ್‌ನಲ್ಲಿದೆ. ಆಥ್_ವರ್ಬೋಸ್ = ಯೆಸ್ ಮಾಡಿ, ಡವ್‌ಕಾಟ್ ರೀಲೋಡ್ ಮಾಡಿ, ಆಮೇಲೆ ಸೋಲುತ್ತಿರುವ ಒಂದು ಕಂಪ್ಯೂಟರ್‌ನಿಂದ ಮೇಲ್ ಕಳಿಸಿ ನೋಡಿ. ನಿಮಗೆ ಸಿಗುವ ಸಾಲಿನ ಅರ್ಥ ಬಹುತೇಕ ಹೀಗಿರುತ್ತದೆ: ‘ಕ್ರ್ಯಾಮ್-ಎಂಡಿ5 ಕೇಳಿದ್ದಾರೆ, ನಮ್ಮಲ್ಲಿ ಇರುವುದು ಬಿಎಲ್‌ಎಫ್-ಕ್ರಿಪ್ಟ್ ಮಾತ್ರ’.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಕ್ರ್ಯಾಮ್-ಎಂಡಿ5 ವಿಧಾನದಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಸರ್ವರ್ ಒಂದು ಸವಾಲು ಕಳಿಸುತ್ತದೆ, ಕ್ಲೈಂಟ್ ಆ ಸವಾಲನ್ನು ಪಾಸ್‌ವರ್ಡ್ ಜೊತೆ ಸೇರಿಸಿ ಎಚ್‌ಮ್ಯಾಕ್-ಎಂಡಿ5 ಲೆಕ್ಕ ಹಾಕಿ ಫಲಿತಾಂಶ ಮಾತ್ರ ಕೊಡುತ್ತದೆ. ಅದನ್ನು ಪರೀಕ್ಷಿಸಲು ಸರ್ವರ್ ಕೂಡ ಅದೇ ಲೆಕ್ಕ ಮಾಡಬೇಕು, ಅಂದರೆ ಮೂಲ ಪಾಸ್‌ವರ್ಡ್ ಅಥವಾ ಕ್ರ್ಯಾಮ್-ಎಂಡಿ5ಗೆಂದೇ ಮಾಡಿಟ್ಟ ಅದರ ರೂಪ ಸರ್ವರ್ ಬಳಿ ಇರಬೇಕು. ನೀವು ಓದಬಹುದಾದ ರೂಪದಲ್ಲಿ ಇಟ್ಟಿದ್ದಷ್ಟು ದಿನ ಅದು ನಡೆಯಿತು. ಬಿಎಲ್‌ಎಫ್-ಕ್ರಿಪ್ಟ್ ಹ್ಯಾಶ್‌ನಿಂದ ಮೂಲ ಪಾಸ್‌ವರ್ಡ್ ವಾಪಸ್ ತೆಗೆಯಲಾಗದು, ಹಾಗಾಗಿ ಕ್ರ್ಯಾಮ್-ಎಂಡಿ5 ಇನ್ನು ನಡೆಯದು. ಫೋನ್‌ಗಳು ಪ್ಲೇನ್ ವಿಧಾನ ಬಳಸುತ್ತಿವೆ: ಟಿಎಲ್‌ಎಸ್ ಎಂಬ ಗೂಢಲಿಪಿಯ ಸಂಪರ್ಕದೊಳಗೆ ಪಾಸ್‌ವರ್ಡ್ ಹಾಗೇ ಹೋಗುತ್ತದೆ, ಡವ್‌ಕಾಟ್ ಅದನ್ನು ಹ್ಯಾಶ್ ಮಾಡಿ ಟೇಬಲ್‌ನಲ್ಲಿ ಇರುವುದರ ಜೊತೆ ಹೋಲಿಸುತ್ತದೆ. ಅದಕ್ಕೇ ಫೋನ್‌ಗೆ ತೊಂದರೆಯಿಲ್ಲ.

ಡವ್‌ಕಾಟ್‌ನ 10-ಆಥ್.ಕಾನ್ಫ್ ಫೈಲ್‌ನಲ್ಲಿ ಈ ಸಾಲು ಹೀಗಿರಲಿ:

ಆಥ್_ಮೆಕ್ಯಾನಿಸಮ್ಸ್ = ಪ್ಲೇನ್ ಲಾಗಿನ್

ಕ್ರ್ಯಾಮ್-ಎಂಡಿ5, ಡೈಜೆಸ್ಟ್-ಎಂಡಿ5 ಇದ್ದರೆ ತೆಗೆಯಿರಿ. ‘ಲಾಗಿನ್’ ಅನ್ನು ಬಿಡಬೇಡಿ, ಹಳೆಯ ಔಟ್‌ಲುಕ್ ಮತ್ತು ಹಲವು ಸ್ಕ್ಯಾನರ್‌ಗಳಿಗೆ ಅದೊಂದೇ ಗೊತ್ತು. ಬಳಿಕ ಡವ್‌ಕಾಟ್ ರೀಸ್ಟಾರ್ಟ್, ಪೋಸ್ಟ್‌ಫಿಕ್ಸ್ ರೀಲೋಡ್, ಎರಡನ್ನೂ ಮಾಡಿ. ಪಟ್ಟಿಯನ್ನು ಪೋಸ್ಟ್‌ಫಿಕ್ಸ್ ಆಥ್ ಸಾಕೆಟ್‌ನಿಂದ ಓದಿ ಕ್ಲೈಂಟ್‌ಗೆ ಹೇಳುತ್ತದೆ, ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಬೇರೆ ಪಟ್ಟಿ ಬರೆಯಬೇಕಿಲ್ಲ.

ಸರ್ವರ್ ಸರಿ ಮಾಡಿದ ಮಾತ್ರಕ್ಕೆ ಥಂಡರ್‌ಬರ್ಡ್ ಸರಿಹೋಗದು. ಅದರಲ್ಲಿ ಖಾತೆಯ ಸೆಟ್ಟಿಂಗ್‌ನಲ್ಲಿ ಕೆಳಗಡೆ ಇರುವ ಹೊರಹೋಗುವ ಸರ್ವರ್ ಭಾಗಕ್ಕೆ ಹೋಗಿ, ದೃಢೀಕರಣ ವಿಧಾನ ‘ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್’ ಎಂದಿದ್ದರೆ ‘ನಾರ್ಮಲ್ ಪಾಸ್‌ವರ್ಡ್’ ಮಾಡಿ. ಒಳಬರುವ ಮತ್ತು ಹೊರಹೋಗುವ ಸರ್ವರ್‌ಗಳ ಆಯ್ಕೆ ಬೇರೆ ಬೇರೆ ಜಾಗದಲ್ಲಿದೆ, ಐಮ್ಯಾಪ್ ಸರಿಯಿದ್ದು ಕಳಿಸುವುದು ಮಾತ್ರ ನಿಂತದ್ದು ಅದರಿಂದಲೇ. ‘ನಾರ್ಮಲ್’ ಎಂಬ ಹೆಸರು ನೋಡಿ ಕಚೇರಿಯವರು ಅಂಜಬಹುದು. ಸಂಪರ್ಕ ಭದ್ರತೆ ಸ್ಟಾರ್ಟ್‌ಟಿಎಲ್‌ಎಸ್ ಎಂದಿದ್ದರೆ ಪಾಸ್‌ವರ್ಡ್ ಗೂಢಲಿಪಿಯ ಒಳಗೇ ಹೋಗುತ್ತದೆ ಎಂದು ಹೇಳಿ. ಸರ್ವರ್ ಕಡೆಯಲ್ಲಿ ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆಥ್_ಓನ್ಲಿ = ಯೆಸ್ ಇರಲೇಬೇಕು. ಆಗ ಟಿಎಲ್‌ಎಸ್ ಆಗುವ ಮುಂಚೆ ಆಥ್ ಎಂಬ ಸಾಲನ್ನೇ ಸರ್ವರ್ ತೋರಿಸುವುದಿಲ್ಲ.

12 ಅಕ್ಷರಗಳ ಸಂಕೇತದ ಬಗ್ಗೆ ಹೆದರಬೇಡಿ, ಅದು ಯಾರ ಪಾಸ್‌ವರ್ಡೂ ಅಲ್ಲ. ಲಾಗಿನ್ ವಿಧಾನದಲ್ಲಿ ಸರ್ವರ್ ಎರಡು ಪ್ರಶ್ನೆ ಕೇಳುತ್ತದೆ, ಮೊದಲು ಬಳಕೆದಾರನ ಹೆಸರು, ನಂತರ ಪಾಸ್‌ವರ್ಡ್. ಸೋತಾಗ ಪೋಸ್ಟ್‌ಫಿಕ್ಸ್ ಲಾಗ್‌ಗೆ ಬರೆಯುವುದು ಸರ್ವರ್ ಕೊನೆಗೆ ಕೇಳಿದ ಪ್ರಶ್ನೆಯನ್ನು. ಬೇಸ್64ನಿಂದ ಬಿಡಿಸಿ ನೋಡಿ: ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಕೋಲನ್ ಸಿಗುತ್ತದೆ. ಒಟ್ಟು 9 ಬೈಟ್, ಬೇಸ್64 ಮಾಡಿದರೆ ಸರಿಯಾಗಿ 12 ಅಕ್ಷರ. ಎಲ್ಲ ಸಾಲಿನಲ್ಲೂ ಒಂದೇ ಇರುವುದಕ್ಕೆ ಕಾರಣ ಅದು. ಥಂಡರ್‌ಬರ್ಡ್ ಸೋತ ಸಾಲಿನಲ್ಲಿ ಅದೇ ಜಾಗದಲ್ಲಿ ಉದ್ದನೆಯ ಸಂಕೇತ ಇರುತ್ತದೆ. ಬಿಡಿಸಿದರೆ ಕೋನದ ಆವರಣದೊಳಗೆ ಅಂಕಿಗಳೂ ನಿಮ್ಮ ಸರ್ವರ್ ಹೆಸರೂ ಕಾಣುತ್ತವೆ, ಅದು ಕ್ರ್ಯಾಮ್ ಸವಾಲು.

ಲಾಗ್ ಓದುಗ

ಮೇಲಿನ ಉತ್ತರ ಸರಿಯಿದೆ. ಕೈಯಿಂದ ಪರೀಕ್ಷೆ ಮಾಡುವ ಕ್ರಮವನ್ನೂ ಸೇರಿಸುತ್ತೇನೆ, ಇಂಥ ಸಮಸ್ಯೆಯಲ್ಲಿ ಹೆಚ್ಚು ಹೊತ್ತು ಹಾಳಾಗುವುದು ಪರೀಕ್ಷೆಯೇ ತಪ್ಪಾಗಿರುವುದರಿಂದ.

ಮೊದಲು ಪೋಸ್ಟ್‌ಫಿಕ್ಸ್‌ ಅನ್ನು ಪಕ್ಕಕ್ಕಿಡಿ. ಸರ್ವರ್ ಮೇಲೆ ‘ಡವ್‌ಆಡ್ಮ್ ಆಥ್ ಟೆಸ್ಟ್’ ಕೊಟ್ಟು ಪೂರ್ತಿ ವಿಳಾಸ ಬರೆಯಿರಿ, ಪಾಸ್‌ವರ್ಡ್ ಕೇಳುತ್ತದೆ. ಜೊತೆಗೆ ಮೈನಸ್ ಎಕ್ಸ್ ಆಯ್ಕೆಯಲ್ಲಿ ಸರ್ವಿಸ್=ಎಸ್‌ಎಂಟಿಪಿ ಎಂದು ಸೇರಿಸಿ. ಕೆಲವರ ಎಸ್‌ಕ್ಯೂಎಲ್ ಕ್ವೆರಿಯಲ್ಲಿ ಸರ್ವಿಸ್‌ಗೊಂದು ಕಾಲಂ ಇರುತ್ತದೆ, ಐಮ್ಯಾಪ್‌ಗೆ ಅನುಮತಿ ಇದ್ದು ಎಸ್‌ಎಂಟಿಪಿಗೆ ಇಲ್ಲದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಕಾಲಂ ಹೆಸರೇ ಟೇಬಲ್‌ನಲ್ಲಿ ಇಲ್ಲದಿದ್ದರೆ ಪಾಸ್‌ವರ್ಡ್ ತಪ್ಪು ಎಂದು ಬರುವುದಿಲ್ಲ, ತಾತ್ಕಾಲಿಕ ವೈಫಲ್ಯ ಎಂದು ಬರುತ್ತದೆ. ಕ್ಲೈಂಟ್‌ಗೆ ಅದು 535 ಬದಲು 454 ಆಗಿ ಕಾಣಬಹುದು. 454 ಕಂಡರೆ ಬಳಕೆದಾರನಿಗೆ ಪಾಸ್‌ವರ್ಡ್ ಬದಲಿಸಲು ಹೇಳುವುದು ವ್ಯರ್ಥ. ಡೇಟಾಬೇಸ್ ನೋಡಿ, ಸಾಕೆಟ್ ನೋಡಿ.

ಇನ್ನೊಂದು: ಮೇಲ್ ಕಳಿಸುವ ಲಾಗಿನ್‌ಗೆ ಪಾಸ್‌ವರ್ಡ್ ನೋಡುವ ಪಾಸ್‌ಡಿಬಿ ಒಂದೇ ಸಾಕು. ಐಮ್ಯಾಪ್‌ಗೆ ಪಾಸ್‌ಡಿಬಿ, ಯೂಸರ್‌ಡಿಬಿ ಎರಡೂ ಬೇಕು, ಮೇಲ್ ಇಡುವ ಜಾಗ ಗೊತ್ತಾಗಬೇಕಲ್ಲ. ಕಳಿಸುವುದು ಸರಿಯಿದ್ದು ಓದುವುದು ಸೋತರೆ ಯೂಸರ್‌ಡಿಬಿ ಕಡೆ ಅನುಮಾನಪಡಿ. ನಿಮ್ಮದು ಅದರ ಉಲ್ಟಾ.

ಆಮೇಲೆ 587ಕ್ಕೆ ನೇರವಾಗಿ ಮಾತಾಡಿ. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್‌ಗೆ ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ ಆಯ್ಕೆ ಕೊಟ್ಟು ಸಂಪರ್ಕ ಮಾಡಿ. ‘ಕ್ವಯಟ್’ ಆಯ್ಕೆಯನ್ನು ಮರೆಯಬೇಡಿ: ಅದಿಲ್ಲದಿದ್ದರೆ ಸಾಲಿನ ಮೊದಲಿಗೆ ದೊಡ್ಡಕ್ಷರದ ‘ಆರ್’ ಬಂದಾಗ ಆ ಸಾಧನ ಅದನ್ನು ಟಿಎಲ್‌ಎಸ್ ಮರುಮಾತುಕತೆಯ ಆಜ್ಞೆ ಎಂದು ತಿಳಿಯುತ್ತದೆ. ‘ಆರ್‌ಸಿಪಿಟಿ ಟು’ ಬರೆದ ತಕ್ಷಣ ಸಂಪರ್ಕ ಕಡಿದು ಹೋಗುತ್ತದೆ, ನೀವು ಸರ್ವರ್ ಮೇಲೆ ತಪ್ಪು ಹೊರಿಸುತ್ತೀರಿ. ಇಎಚ್‌ಎಲ್‌ಒ ಕೊಟ್ಟಾಗ ಬರುವ ಆಥ್ ಸಾಲಿನಲ್ಲಿ ಪ್ಲೇನ್, ಲಾಗಿನ್ ಎರಡೇ ಕಾಣಬೇಕು.

ಆಥ್ ಪ್ಲೇನ್‌ಗೆ ಕೊಡುವ ಸಂಕೇತ ಎಂದರೆ ಒಂದು ಸೊನ್ನೆ ಬೈಟ್, ಬಳಕೆದಾರನ ಹೆಸರು, ಮತ್ತೊಂದು ಸೊನ್ನೆ ಬೈಟ್, ಪಾಸ್‌ವರ್ಡ್, ಇಷ್ಟನ್ನೂ ಸೇರಿಸಿ ಬೇಸ್64 ಮಾಡಿದ್ದು. ಇದನ್ನು ಪ್ರಿಂಟ್‌ಎಫ್‌ನಿಂದ ತಯಾರಿಸುವಾಗ ಬ್ಯಾಕ್‌ಸ್ಲ್ಯಾಶ್ ನಂತರ ಒಂದೇ ಸೊನ್ನೆ ಬರೆದು ಪಾಸ್‌ವರ್ಡ್ 12ರಿಂದ ಶುರುವಾದರೆ ಶೆಲ್ ಆ ಸೊನ್ನೆ, ಒಂದು, ಎರಡನ್ನು ಕೂಡಿಸಿ ಆಕ್ಟಲ್ ಸಂಖ್ಯೆಯಾಗಿ ಓದುತ್ತದೆ. ಸೊನ್ನೆ ಬೈಟೂ ಹೋಯಿತು, ಪಾಸ್‌ವರ್ಡೂ ಹೋಯಿತು. ಬ್ಯಾಕ್‌ಸ್ಲ್ಯಾಶ್ ನಂತರ ಯಾವಾಗಲೂ ಮೂರು ಸೊನ್ನೆ ಬರೆಯಿರಿ. ಪಾಸ್‌ವರ್ಡ್‌ನಲ್ಲಿ ಶೇಕಡಾ ಚಿಹ್ನೆ ಇದ್ದರೆ ಪ್ರಿಂಟ್‌ಎಫ್‌ಗೆ ಅದನ್ನು ಎರಡು ಸಲ ಕೊಡಬೇಕು. ಎಕೋ ಬಳಸಿದರೆ ಕೊನೆಗೆ ಹೊಸಸಾಲಿನ ಒಂದು ಬೈಟ್ ಅಂಟಿಕೊಂಡು ಸರಿಯಾದ ಪಾಸ್‌ವರ್ಡೂ ಸೋಲುತ್ತದೆ. ಇಷ್ಟೆಲ್ಲ ರಗಳೆ ಬೇಡ ಎಂದರೆ ಸ್ವ್ಯಾಕ್ಸ್ ಎಂಬ ಸಾಧನ ಡೆಬಿಯನ್ ಪ್ಯಾಕೇಜಿನಲ್ಲೇ ಸಿಗುತ್ತದೆ. ಸರ್ವರ್, ಪೋರ್ಟ್, ವಿಧಾನ, ಹೆಸರು ಕೊಟ್ಟರೆ ಇಡೀ ಸಂಭಾಷಣೆಯನ್ನು ಸಾಲುಸಾಲಾಗಿ ತೋರಿಸುತ್ತದೆ.

ನಿಮ್ಮ ಸಾಕೆಟ್ ಸರಿಯಿದೆ, ಇಲ್ಲದಿದ್ದರೆ ಫೋನ್‌ಗಳೂ ಕಳಿಸುತ್ತಿರಲಿಲ್ಲ. ಮುಂದೆ ಈ ಪುಟಕ್ಕೆ ಬರುವವರಿಗಾಗಿ ಹೇಳುತ್ತೇನೆ: ಡವ್‌ಕಾಟ್‌ನಲ್ಲಿ ಯುನಿಕ್ಸ್_ಲಿಸನರ್ ದಾರಿ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್/ಆಥ್, ಮೋಡ್ 0660, ಯೂಸರ್ ಮತ್ತು ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್. ಪೋಸ್ಟ್‌ಫಿಕ್ಸ್ ಕಡೆ ಎಸ್‌ಎಂಟಿಪಿಡಿ_ಸಾಸ್ಲ್_ಪಾತ್ ಬರೇ ಪ್ರೈವೇಟ್/ಆಥ್, ಮುಂದೆ ಓರೆಗೆರೆ ಹಾಕದೆ. ಡೆಬಿಯನ್‌ನಲ್ಲಿ ಮೇಲ್ ಸ್ವೀಕರಿಸುವ ಎಸ್‌ಎಂಟಿಪಿಡಿ ಸಾಮಾನ್ಯವಾಗಿ ಕ್ರೂಟ್ ಒಳಗೆ, ಅಂದರೆ ತನ್ನ ಫೋಲ್ಡರ್ ಬಿಟ್ಟು ಹೊರಗೇನೂ ಕಾಣದಂತೆ, ಓಡುತ್ತದೆ, ಪೂರ್ತಿ ದಾರಿ ಬರೆದರೆ ಅದಕ್ಕೆ ಆ ಫೈಲ್ ಕಾಣುವುದಿಲ್ಲ. ಎಸ್‌ಎಂಟಿಪಿಡಿ_ಸಾಸ್ಲ್_ಟೈಪ್ ಬರೆಯದೇ ಬಿಟ್ಟರೆ ಅದು ಸೈರಸ್ ಎಂದುಕೊಳ್ಳುತ್ತದೆ. ಆಗ ‘ಯಾವ ದೃಢೀಕರಣ ವಿಧಾನವೂ ಇಲ್ಲ’ ಎಂಬ ಮಾರಕ ದೋಷ ಕಂಡರೆ ಅದೇ ಕಾರಣ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಲಾಗ್‌ನಲ್ಲಿ ಅದೇ ಸಾಲು ಇತ್ತು, ಕ್ರ್ಯಾಮ್-ಎಂಡಿ5. ಪಟ್ಟಿಯಿಂದ ತೆಗೆದು ಥಂಡರ್‌ಬರ್ಡ್‌ಗಳಲ್ಲಿ ಬದಲಾಯಿಸಿದೆ, ಎಲ್ಲ ಕಳಿಸುತ್ತಿವೆ.

ಸ್ಕ್ಯಾನರ್ ಮಾತ್ರ ಈಗ ಇನ್ನೂ ಮುಂಚೆಯೇ ಸೋಲುತ್ತಿದೆ. ಲಾಗ್‌ನಲ್ಲಿ ‘ಎಸ್‌ಎಸ್‌ಎಲ್_ಆಕ್ಸೆಪ್ಟ್ ಎರರ್’, ಕೆಳಗೆ ‘ಅನ್‌ಸಪೋರ್ಟೆಡ್ ಪ್ರೋಟೋಕಾಲ್’. ಹಿಂದೆ ಇದಕ್ಕೆ ಟಿಎಲ್‌ಎಸ್ ಆಫ್ ಮಾಡಿದ್ದರಂತೆ, ಕ್ರ್ಯಾಮ್-ಎಂಡಿ5 ಇದ್ದುದರಿಂದ ನಡೆದಿತ್ತು. ಓಪನ್‌ಎಸ್‌ಎಸ್‌ಎಲ್‌ನ ಭದ್ರತಾ ಮಟ್ಟ ಇಳಿಸಬೇಕೇ? ಸ್ಕ್ಯಾನರ್ ಮೇಲ್ ಹೋಗುವುದು ನಮ್ಮ ಕಚೇರಿಯ ವಿಳಾಸಗಳಿಗೆ ಮಾತ್ರ.

ಬಯಲುಸೀಮೆ

ಇಳಿಸಬೇಡಿ. ಆ ಸ್ಕ್ಯಾನರ್‌ಗೆ ಗೊತ್ತಿರುವುದು ಟಿಎಲ್‌ಎಸ್ 1.0 ಇರಬೇಕು, ಡೆಬಿಯನ್ 12ರ ಓಪನ್‌ಎಸ್‌ಎಸ್‌ಎಲ್ ಅದನ್ನು ತಾನಾಗಿ ಒಪ್ಪುವುದಿಲ್ಲ. ಒಂದು ಮಷಿನ್‌ಗಾಗಿ ಮಟ್ಟ ಇಳಿಸಿದರೆ ನಲವತ್ತು ಜನರ ಲಾಗಿನ್ ಹೋಗುವ ಬಾಗಿಲೂ ದುರ್ಬಲವಾಗುತ್ತದೆ. ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆಥ್_ಓನ್ಲಿ ಆಫ್ ಮಾಡುವುದು ಅದಕ್ಕಿಂತ ಕೆಟ್ಟದ್ದು.

ಮೇಲ್ ಕಚೇರಿಯೊಳಗೇ ಹೋಗುವುದಾದರೆ ಸ್ಕ್ಯಾನರ್‌ಗೆ ಲಾಗಿನ್ ಬೇಕೇ ಇಲ್ಲ. ಹೊರಗಿನಿಂದ ನಿಮ್ಮ ಡೊಮೇನ್‌ಗೆ ಬರುವ ಮೇಲ್‌ಗೆ ಯಾರೂ ಲಾಗಿನ್ ಕೇಳುವುದಿಲ್ಲ, ಇದೂ ಹಾಗೇ. ಮಾಸ್ಟರ್.ಸಿಎಫ್‌ನಲ್ಲಿ ಕಚೇರಿಯ ಒಳಜಾಲದ ವಿಳಾಸಕ್ಕೆ ಮಾತ್ರ ಕಿವಿಗೊಡುವ ಇನ್ನೊಂದು ಎಸ್‌ಎಂಟಿಪಿಡಿ ಸೇರಿಸಿ. ಸರ್ವರ್ 192.168.1.10, ಸ್ಕ್ಯಾನರ್ 192.168.1.40 ಎಂದುಕೊಂಡರೆ, ಸರ್ವಿಸ್ ಹೆಸರಿನ ಜಾಗದಲ್ಲಿ 192.168.1.10:2525 ಬರೆದು, ಕೆಳಗೆ ಒಂದೊಂದಕ್ಕೂ ಮೈನಸ್ ಓ ಹಾಕಿ ಈ ಸಾಲುಗಳನ್ನು ಕೊಡಿ:

ಸಿಸ್‌ಲಾಗ್_ನೇಮ್=ಪೋಸ್ಟ್‌ಫಿಕ್ಸ್/ಸ್ಕ್ಯಾನರ್
ಎಸ್‌ಎಂಟಿಪಿಡಿ_ಸಾಸ್ಲ್_ಆಥ್_ಎನೇಬಲ್=ನೋ
ಮೈನೆಟ್‌ವರ್ಕ್ಸ್=192.168.1.40/32
ಎಸ್‌ಎಂಟಿಪಿಡಿ_ಕ್ಲೈಂಟ್_ರಿಸ್ಟ್ರಿಕ್ಷನ್ಸ್=ಪರ್ಮಿಟ್_ಮೈನೆಟ್‌ವರ್ಕ್ಸ್,ರಿಜೆಕ್ಟ್
ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್=ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಶನ್

ನಾಲ್ಕನೇ ಸಾಲು ಸ್ಕ್ಯಾನರ್ ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಐದನೆಯದು ನಿಮ್ಮ ಡೊಮೇನ್ ಬಿಟ್ಟು ಹೊರಗಿನ ವಿಳಾಸಕ್ಕೆ ಕಳಿಸಲು ಬಿಡುವುದಿಲ್ಲ. ಇಲ್ಲಿ ಪರ್ಮಿಟ್_ಮೈನೆಟ್‌ವರ್ಕ್ಸ್ ಸೇರಿಸಿದರೆ ಸ್ಕ್ಯಾನರ್ ಜಗತ್ತಿಗೆಲ್ಲ ಮೇಲ್ ಕಳಿಸಬಲ್ಲದು, ಅದೇ ಐಪಿ ಹಾಕಿಕೊಂಡ ಲ್ಯಾಪ್‌ಟಾಪ್ ಕೂಡ. ಸಮ ಚಿಹ್ನೆಯ ಅಕ್ಕಪಕ್ಕ, ಅಲ್ಪವಿರಾಮದ ನಂತರ, ಎಲ್ಲೂ ಜಾಗ ಬಿಡಬೇಡಿ. ಮಾಸ್ಟರ್.ಸಿಎಫ್‌ನಲ್ಲಿ ಜಾಗ ಬಂದರೆ ಅಲ್ಲಿಗೆ ಆ ಮೌಲ್ಯ ಮುಗಿಯಿತು ಎಂದು ಲೆಕ್ಕ. ಪೋಸ್ಟ್‌ಫಿಕ್ಸ್ 3.0ರಿಂದೀಚೆಗೆ ಪುಷ್ಪಾವರಣದೊಳಗೆ ಬರೆದರೆ ಜಾಗ ಬಿಡಬಹುದು, ಆದರೂ ಬಿಡದಿರುವ ಅಭ್ಯಾಸವೇ ಒಳ್ಳೆಯದು. ರೌಟರ್‌ನಲ್ಲಿ 2525 ಹೊರಗಿನಿಂದ ತೆರೆದಿರಬಾರದು. ಸ್ಕ್ಯಾನರ್‌ಗೆ ಡಿಎಚ್‌ಸಿಪಿಯಲ್ಲಿ ಐಪಿ ಕಾಯ್ದಿರಿಸಿ, ಇಲ್ಲದಿದ್ದರೆ ಒಂದು ದಿನ ವಿಳಾಸ ಬದಲಾಗಿ ಮತ್ತೆ ನಿಂತುಹೋಗುತ್ತದೆ.

ಈಗ ಹೊರಗಿನ ಐಪಿಗಳ ವಿಷಯ. ನಿಮ್ಮ ಲಾಗ್‌ನಲ್ಲಿ ಆ ಸಾಲುಗಳ ಮುಂದೆ ಬರೇ ಪೋಸ್ಟ್‌ಫಿಕ್ಸ್/ಎಸ್‌ಎಂಟಿಪಿಡಿ ಇದೆಯೇ, ನಡುವೆ ‘ಸಬ್‌ಮಿಷನ್’ ಇದೆಯೇ ನೋಡಿ. ಬರೇ ಎಸ್‌ಎಂಟಿಪಿಡಿ ಎಂದಿದ್ದರೆ ಅವರು ಬರುತ್ತಿರುವುದು ಪೋರ್ಟ್ 25ಕ್ಕೆ. 25 ಇರುವುದು ಸರ್ವರ್‌ನಿಂದ ಸರ್ವರ್‌ಗೆ, ಅಲ್ಲಿ ನಿಮ್ಮವರು ಯಾರೂ ಲಾಗಿನ್ ಆಗಬೇಕಿಲ್ಲ. ಮೇನ್.ಸಿಎಫ್‌ನಲ್ಲಿ ಎಸ್‌ಎಂಟಿಪಿಡಿ_ಸಾಸ್ಲ್_ಆಥ್_ಎನೇಬಲ್ = ನೋ ಮಾಡಿ, ಮಾಸ್ಟರ್.ಸಿಎಫ್‌ನಲ್ಲಿ 587 ಮತ್ತು 465ರ ಕೆಳಗೆ ಮಾತ್ರ ಯೆಸ್ ಕೊಡಿ. 25ಕ್ಕೆ ಬಂದು ಆಥ್ ಎಂದವರಿಗೆ 503 ಹೋಗುತ್ತದೆ, ಪಾಸ್‌ವರ್ಡ್ ಡವ್‌ಕಾಟ್ ತನಕ ತಲುಪುವುದೇ ಇಲ್ಲ. ಕಚೇರಿಯಲ್ಲಿ ಯಾರಾದರೂ ಇನ್ನೂ 25ರಿಂದ ಕಳಿಸುತ್ತಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ. ಲಾಗ್‌ನಲ್ಲಿ ಸಾಸ್ಲ್_ಯೂಸರ್‌ನೇಮ್ ಇರುವ ಸಾಲುಗಳನ್ನು ಹುಡುಕಿದರೆ ಗೊತ್ತಾಗುತ್ತದೆ.

ಫೇಲ್‌ಟುಬ್ಯಾನ್ ಹಿಡಿಯದಿರಲು ಎರಡು ಕಾರಣ ಇರಬಹುದು. ಡೆಬಿಯನ್ 12ರಲ್ಲಿ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಮೇಲ್.ಲಾಗ್ ಫೈಲೇ ಇರುವುದಿಲ್ಲ, ಎಲ್ಲ ಜರ್ನಲ್‌ನಲ್ಲಿರುತ್ತದೆ. ಫೇಲ್‌ಟುಬ್ಯಾನ್‌ನ ಜೈಲ್‌ನಲ್ಲಿ (ತಡೆಯ ನಿಯಮದಲ್ಲಿ) ಬ್ಯಾಕ್‌ಎಂಡ್ = ಸಿಸ್ಟಂಡಿ ಎಂದು ಬರೆಯಿರಿ. ಅಷ್ಟಾದರೂ ಹಿಡಿಯದಿದ್ದರೆ ಫಿಲ್ಟರ್‌ನ ಜರ್ನಲ್‌ಮ್ಯಾಚ್ ಸಾಲು ನೋಡಿ. ಅಲ್ಲಿ ಪೋಸ್ಟ್‌ಫಿಕ್ಸ್.ಸರ್ವಿಸ್ ಎಂದಷ್ಟೇ ಇದ್ದರೆ, ಡೆಬಿಯನ್‌ನಲ್ಲಿ ಸಾಲುಗಳು ಬರುವುದು ಪೋಸ್ಟ್‌ಫಿಕ್ಸ್@-.ಸರ್ವಿಸ್ ಎಂಬ ಯುನಿಟ್‌ನಿಂದ. ಫಿಲ್ಟರ್ ಖಾಲಿ ಜಾಗವನ್ನೇ ಕಾಯುತ್ತಾ ಕೂತಿರುತ್ತದೆ. ಮೂಲ ಫೈಲ್ ಮುಟ್ಟದೆ, ಅದೇ ಹೆಸರಿನ .ಲೋಕಲ್ ಫೈಲ್‌ನಲ್ಲಿ ಸರಿಯಾದ ಯುನಿಟ್ ಹೆಸರು ಕೊಡಿ.

ಇಗ್ನೋರ್‌ಐಪಿಯಲ್ಲಿ ಕಚೇರಿಯ ಹೊರಗಿನ ಸ್ಥಿರ ಐಪಿ ಹಾಕದೆ ಜೈಲ್ ಶುರು ಮಾಡಬೇಡಿ. ಪಾಸ್‌ವರ್ಡ್ ಬದಲಿಸಿದ ಮೇಲೂ ಯಾರದ್ದೋ ಫೋನ್ ಹಳೆಯದನ್ನೇ ಹಿಡಿದು ಐದು ಸಲ ಬಡಿದರೆ, ಒಂದೇ ಐಪಿ ಹಿಂದೆ ಇರುವ ಇಡೀ ಶಾಖೆಯ ಮೇಲ್ ನಿಲ್ಲುತ್ತದೆ.

ಪೋರ್ಟ್587

ಬಯಲುಸೀಮೆಯವರ ಮಾತಿಗೆ ಒಂದು ತಿದ್ದುಪಡಿ, ಭಿನ್ನಾಭಿಪ್ರಾಯವಲ್ಲ. ಫೇಲ್‌ಟುಬ್ಯಾನ್ ಮೇಲೆ ಹೆಚ್ಚು ಭರವಸೆ ಇಡಬೇಡಿ. ಈಗಿನ ದಾಳಿಗಳಲ್ಲಿ ಒಂದು ಐಪಿ ಒಂದೋ ಎರಡೋ ಸಲ ಪ್ರಯತ್ನಿಸಿ ಮಾಯವಾಗುತ್ತದೆ, ಮುಂದಿನದು ಬೇರೆ ಐಪಿಯಿಂದ. ಹತ್ತು ನಿಮಿಷದಲ್ಲಿ ಐದು ಎಂಬ ಲೆಕ್ಕಕ್ಕೆ ಅವು ಸಿಗವು. 25ರಲ್ಲಿ ಆಥ್ ಮುಚ್ಚುವುದು ಮತ್ತು ಯಂತ್ರದಿಂದ ಹುಟ್ಟಿಸಿದ ಉದ್ದನೆಯ ಪಾಸ್‌ವರ್ಡ್, ನಿಜವಾಗಿ ಕಾಯುವುದು ಈ ಎರಡು. ಪೋಸ್ಟ್‌ಫಿಕ್ಸ್ 3.1ರಿಂದ ಎಸ್‌ಎಂಟಿಪಿಡಿ_ಕ್ಲೈಂಟ್_ಆಥ್_ರೇಟ್_ಲಿಮಿಟ್ ಕೂಡ ಇದೆ, ಒಂದು ಐಪಿಯಿಂದ ನಿಮಿಷಕ್ಕೆ ಎಷ್ಟು ಆಥ್ ಎಂದು ಮಿತಿ ಹಾಕಬಹುದು. ಆದರೆ ಅದು ಗೆದ್ದ ಲಾಗಿನ್‌ಗಳನ್ನೂ ಎಣಿಸುತ್ತದೆ, ಪ್ರತಿ ಮೇಲ್‌ಗೂ ಹೊಸ ಸಂಪರ್ಕ ತೆರೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಅದೇ ಮೊದಲು ಸಿಕ್ಕಿಬೀಳುತ್ತದೆ.

ಯಾವ ಹೆಸರಿಗೆ ಗುರಿಯಿಟ್ಟಿದ್ದಾರೆ ಎಂದು ತಿಳಿಯಲು ಆಥ್_ವರ್ಬೋಸ್ ಸಾಕು. ಒಬ್ಬನೇ ಬಳಕೆದಾರನ ಸೋಲುಗಳು ಹಳೆಯ ಪಾಸ್‌ವರ್ಡ್ ಹಿಡಿದ ಫೋನಿನದೋ, ಊಹಿಸುತ್ತಿರುವ ಕಳ್ಳನದೋ ಎಂದು ಬೇರ್ಪಡಿಸಲು ಆಥ್_ವರ್ಬೋಸ್_ಪಾಸ್‌ವರ್ಡ್ಸ್ = ಎಸ್‌ಎಚ್‌ಎ1:6 ಮಾಡಿ. ಪಾಸ್‌ವರ್ಡ್ ಬದಲು ಅದರ ಹ್ಯಾಶ್‌ನ ಮೊದಲ 6 ಅಕ್ಷರ ಲಾಗ್ ಆಗುತ್ತದೆ. ಪ್ರತಿ ಸಲ ಅದೇ 6 ಅಕ್ಷರ ಬಂದರೆ ಫೋನು, ಪ್ರತಿ ಸಲ ಬೇರೆ ಬಂದರೆ ದಾಳಿ. ‘ಪ್ಲೇನ್’ ಎಂಬ ಮೌಲ್ಯ ಎಂದೂ ಕೊಡಬೇಡಿ. ಕೆಲಸ ಆದ ಮೇಲೆ ಇದನ್ನೂ ತೆಗೆಯಿರಿ.

ಬೇರೆಯವರ ವಿಳಾಸದಿಂದ ಕಳಿಸುವುದನ್ನು ತಡೆಯಲು ಎರಡು ಬೇಕು. ಒಂದು, ಎಸ್‌ಎಂಟಿಪಿಡಿ_ಸೆಂಡರ್_ಲಾಗಿನ್_ಮ್ಯಾಪ್ಸ್, ಅಂದರೆ ವಿಳಾಸ ಕೊಟ್ಟರೆ ಅದರ ಒಡೆಯನ ಲಾಗಿನ್ ಹೆಸರು ಹೇಳುವ ಕ್ವೆರಿ. ಎರಡು, 587 ಮತ್ತು 465ರ ಸೆಂಡರ್ ನಿರ್ಬಂಧದಲ್ಲಿ ರಿಜೆಕ್ಟ್_ಆಥೆಂಟಿಕೇಟೆಡ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್. ಇದು ಪರ್ಮಿಟ್_ಸಾಸ್ಲ್_ಆಥೆಂಟಿಕೇಟೆಡ್‌ಗಿಂತ ಮುಂಚೆ ಬರಬೇಕು. ನಂತರ ಬಂದರೆ ಲಾಗಿನ್ ಆದವನು ಆಗಲೇ ಒಳಗೆ ಹೋಗಿರುತ್ತಾನೆ, ಪರೀಕ್ಷೆ ನಡೆಯುವುದೇ ಇಲ್ಲ. ನಡುವೆ ‘ಆಥೆಂಟಿಕೇಟೆಡ್’ ಇಲ್ಲದ ಇನ್ನೊಂದು ನಿರ್ಬಂಧವೂ ಇದೆ, ಅದು ಲಾಗಿನ್ ಆಗದವರನ್ನೂ ತಡೆಯುತ್ತದೆ. ಅದನ್ನು 25ರಲ್ಲಿ ಹಾಕಿದರೆ ನಿಮ್ಮವರದೇ ಮೇಲ್ ಬೇರೆ ಸರ್ವರ್‌ನಲ್ಲಿ ಫಾರ್ವರ್ಡ್ ಆಗಿ ವಾಪಸ್ ಬಂದಾಗ ತಿರಸ್ಕಾರವಾಗುತ್ತದೆ.

ನಿಮ್ಮದು ಪೋಸ್ಟ್‌ಫಿಕ್ಸ್‌ಅಡ್ಮಿನ್ ಮಾದರಿಯ ಟೇಬಲ್ ಆಗಿದ್ದರೆ ಹಲವರು ಏಲಿಯಾಸ್ ಟೇಬಲ್‌ನ ಗೋಟು (ಮೇಲ್ ಎಲ್ಲಿಗೆ ಹೋಗಬೇಕು ಎಂಬ) ಕಾಲಂ ಒಂದನ್ನೇ ಓದುತ್ತಾರೆ. ಅದರಲ್ಲಿ ಒಂದು ಗುಂಡಿಯಿದೆ. ಯಾರಾದರೂ ತಮ್ಮ ಮೇಲ್ ಪೂರ್ತಿ ಹೊರಗಿನ ವಿಳಾಸಕ್ಕೆ ತಿರುಗಿಸಿ, ಇಲ್ಲಿ ಪ್ರತಿ ಉಳಿಸದಿದ್ದರೆ ಗೋಟು ಕಾಲಂನಲ್ಲಿ ಅವರದೇ ಹೆಸರು ಇರುವುದಿಲ್ಲ. ತಮ್ಮ ವಿಳಾಸದಿಂದ ಕಳಿಸಲು ತಮಗೇ 553 ಬರುತ್ತದೆ. ಮೇಲ್‌ಬಾಕ್ಸ್ ಟೇಬಲ್‌ನ ಹೆಸರನ್ನೂ ಯೂನಿಯನ್ ಮಾಡಿ ಸೇರಿಸಿ. ಇನ್ನು, ಮಾಹಿತಿ ವಿಳಾಸವೊಂದು ಐದು ಜನರಿಗೆ ಹೋಗುತ್ತಿದ್ದರೆ ಆ ಐವರೂ ಆ ವಿಳಾಸದಿಂದ ಕಳಿಸಬಹುದು, ಬಹುಶಃ ನಿಮಗೆ ಬೇಕಿರುವುದೂ ಅದೇ. ಜಾರಿ ಮಾಡುವ ಮುಂಚೆ ಪೋಸ್ಟ್‌ಮ್ಯಾಪ್‌ನ ಮೈನಸ್ ಕ್ಯೂ ಆಯ್ಕೆಯಿಂದ ಒಂದೊಂದು ವಿಳಾಸಕ್ಕೂ ಏನು ಬರುತ್ತದೆ ನೋಡಿ.

ಈ ತಡೆ ನೋಡುವುದು ಲಕೋಟೆಯ ಮೇಲಿನ ಕಳಿಸುವವರ ವಿಳಾಸವನ್ನು ಮಾತ್ರ. ಪತ್ರದೊಳಗೆ ಓದುಗನಿಗೆ ಕಾಣುವ ‘ಫ್ರಮ್’ ಸಾಲನ್ನು ಪೋಸ್ಟ್‌ಫಿಕ್ಸ್ ಹೋಲಿಸುವುದಿಲ್ಲ. ಅದಕ್ಕೆ ಮಿಲ್ಟರ್, ಅಂದರೆ ಪತ್ರ ಪರೀಕ್ಷಿಸುವ ಪ್ರತ್ಯೇಕ ಪ್ರೋಗ್ರಾಂ, ಬೇಕು.

ಲಾಗ್ ಓದುಗ

ಒಂದು ಖಾತೆಯ ಪಾಸ್‌ವರ್ಡ್ ಕಳುವಾಗಿದೆ ಎಂದು ಗೊತ್ತಾದಾಗಿನ ಕ್ರಮವನ್ನೂ ಬರೆದಿಡುತ್ತೇನೆ, ಆಗ ಯೋಚಿಸಲು ಸಮಯ ಇರುವುದಿಲ್ಲ. ಪಾಸ್‌ವರ್ಡ್ ಬದಲಿಸಿ. ಡವ್‌ಕಾಟ್‌ನಲ್ಲಿ ಆಥ್ ಕ್ಯಾಶ್ ಹಾಕಿದ್ದರೆ ‘ಡವ್‌ಆಡ್ಮ್ ಆಥ್ ಕ್ಯಾಶ್ ಫ್ಲಶ್’ ಕೊಡಿ, ಇಲ್ಲದಿದ್ದರೆ ಕ್ಯಾಶ್‌ನಲ್ಲಿರುವ ಹಳೆಯ ಪಾಸ್‌ವರ್ಡ್ ಅವಧಿ ಮುಗಿಯುವವರೆಗೂ ನಡೆಯಬಹುದು. ‘ಡವ್‌ಆಡ್ಮ್ ಕಿಕ್’ನಿಂದ ಅವರ ಐಮ್ಯಾಪ್ ಸಂಪರ್ಕಗಳನ್ನು ಕಡಿಯಿರಿ. ಈಗಾಗಲೇ ಲಾಗಿನ್ ಆಗಿ ತೆರೆದಿರುವ ಎಸ್‌ಎಂಟಿಪಿ ಸಂಪರ್ಕಕ್ಕೆ ಪಾಸ್‌ವರ್ಡ್ ಬದಲಾದದ್ದು ಗೊತ್ತಾಗುವುದಿಲ್ಲ, ಅದು ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ. ಪೋಸ್ಟ್‌ಫಿಕ್ಸ್ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ, ಬರೇ ರೀಲೋಡ್ ಸಾಲದು. ಕೊನೆಗೆ ಕ್ಯೂನಲ್ಲಿ ಕೂತಿರುವ ಮೇಲ್‌ಗಳನ್ನು ಕಳಿಸಿದವರ ವಿಳಾಸದಿಂದ ಗುರುತಿಸಿ ಪೋಸ್ಟ್‌ಸೂಪರ್‌ನಿಂದ ಅಳಿಸಿ. ಇಡೀ ಕ್ಯೂ ಅಳಿಸಿದರೆ ಬೇರೆಯವರ ಪತ್ರಗಳೂ ಹೋಗುತ್ತವೆ.

ತುಂಗಾತೀರ

ಸ್ಕ್ಯಾನರ್ 2525ರಲ್ಲಿ ನಡೆಯುತ್ತಿದೆ. 25ರಲ್ಲಿ ಆಥ್ ಮುಚ್ಚಿದ ಮೇಲೆ ಲಾಗ್ ಓದುವ ಹಾಗಾಗಿದೆ. ಸೆಂಡರ್ ಮ್ಯಾಪ್ ಪರೀಕ್ಷೆ ನಡೆದಿದೆ.

ಒಂದು ಕೊನೆಯ ಸಂಶಯ. ಹೊಸದಾಗಿ ಸೇರಿದವರೊಬ್ಬರಿಗೆ ‘ಡವ್‌ಆಡ್ಮ್ ಪಿಡಬ್ಲ್ಯೂ’ನಿಂದ ಎಸ್‌ಎಚ್‌ಎ512-ಕ್ರಿಪ್ಟ್ ಹ್ಯಾಶ್ ಮಾಡಿ ಹಾಕಿದೆ. ಅವರು ಐಮ್ಯಾಪ್, ಎಸ್‌ಎಂಟಿಪಿ ಎರಡರಲ್ಲೂ ಲಾಗಿನ್ ಆಗುತ್ತಿಲ್ಲ, ‘ಪಾಸ್‌ವರ್ಡ್ ಮಿಸ್‌ಮ್ಯಾಚ್’ ಎನ್ನುತ್ತದೆ. ಎರಡು ಬಗೆಯ ಹ್ಯಾಶ್ ಒಂದೇ ಟೇಬಲ್‌ನಲ್ಲಿ ಇರಬಾರದೇ?

ಪೋರ್ಟ್587

ಇರಬಹುದು. ಹ್ಯಾಶ್‌ನ ಮೊದಲಿಗೆ ಪುಷ್ಪಾವರಣದಲ್ಲಿರುವ ಹೆಸರು ನೋಡಿ ಡವ್‌ಕಾಟ್ ಪ್ರತಿ ಸಾಲಿಗೂ ಬೇರೆ ವಿಧಾನ ಬಳಸುತ್ತದೆ. ಕಾಲಂನ ಅಳತೆ ನೋಡಿ. ಬಿಎಲ್‌ಎಫ್-ಕ್ರಿಪ್ಟ್ ಹ್ಯಾಶ್ 60 ಅಕ್ಷರ, ಆವರಣ ಸಹಿತ ಹೆಸರು 11, ಒಟ್ಟು 71. ಎಸ್‌ಎಚ್‌ಎ512-ಕ್ರಿಪ್ಟ್ 16 ಅಕ್ಷರದ ಸಾಲ್ಟ್ ಜೊತೆ 106, ಹೆಸರು 14, ಒಟ್ಟು 120. ಪಾಸ್‌ವರ್ಡ್ ಕಾಲಂ ವಾರ್‌ಚಾರ್ 100 ಆಗಿದ್ದರೆ ಮೊದಲನೆಯದು ಹಿಡಿಸುತ್ತದೆ, ಎರಡನೆಯದರ ಬಾಲ ಕತ್ತರಿಸಿ ಹೋಗುತ್ತದೆ. ಮಾರಿಯಾಡಿಬಿಯ ಕಟ್ಟುನಿಟ್ಟಿನ ಮೋಡ್ ಇದ್ದರೆ ಉದ್ದ ಹೆಚ್ಚಾಯಿತು ಎಂದು ಆಗಲೇ ತಡೆಯುತ್ತಿತ್ತು. ಹಳೆಯ ಸರ್ವರ್‌ನಿಂದ ತಂದ ಕಾನ್ಫಿಗ್‌ನಲ್ಲಿ ಎಸ್‌ಕ್ಯೂಎಲ್_ಮೋಡ್ ಖಾಲಿಯಿದ್ದರೆ ಸದ್ದಿಲ್ಲದೆ ಕತ್ತರಿಸುತ್ತದೆ. ಆ ಸಾಲಿನ ಪಾಸ್‌ವರ್ಡ್‌ನ ಲೆಂಗ್ತ್ ಕೇಳಿ ನೋಡಿ. 120ಕ್ಕಿಂತ ಕಡಿಮೆ ಬಂದರೆ ಕಾಲಂ ಅನ್ನು ವಾರ್‌ಚಾರ್ 255 ಮಾಡಿ, ಹ್ಯಾಶ್ ಅನ್ನು ಮತ್ತೊಮ್ಮೆ ಹಾಕಿ. ಕಾಲಂ ಹಿಗ್ಗಿಸಿದರೆ ಕತ್ತರಿಸಿ ಹೋದ ಭಾಗ ವಾಪಸ್ ಬರುವುದಿಲ್ಲ.